ಎಣ್ಣೆಯೊಳಗೆ ನೀರನ್ನು ಮಂಜಾಗಿಸುವ ಬಗೆ

ಚಿಕ್ಕಮಗಳೂರಿನ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಸಹಾಯಕ. ಮಕ್ಕಳಿಗೆ ತೋರಿಸುವ ಪ್ರಯೋಗಗಳಲ್ಲಿ ನನಗೆ ಅಚ್ಚುಮೆಚ್ಚಿನದು ಇದು: ಎಣ್ಣೆಯಲ್ಲಿ ಮುಳುಗಿದ ಸೂಜಿಯಿಂದ ಇಳಿಯುವ ನೀರನ್ನು ಹೈ ವೋಲ್ಟೇಜಿನಿಂದ ಮಂಜಾಗಿಸುವುದು.

ಸಾವಿರಾರು ವೋಲ್ಟಿನ ಕೆಲಸವಾದ್ದರಿಂದ ಅನುಭವಸ್ಥರು ಜೊತೆಗಿಲ್ಲದೆ ಮುಟ್ಟಲೇಬೇಡಿ. 1 ಮಿಲಿಆಂಪಿಯರ್ ಮೀರದ ಹೈ ವೋಲ್ಟೇಜ್ ಸಪ್ಲೈ ತೆಗೆದುಕೊಂಡು, ಅದರ ಮುಂದೆ 10 ಮೆಗಾಓಂ ರೋಧಕ ಹಾಕಿ. ಆಗ 3,000 ವೋಲ್ಟಿನಲ್ಲೂ 0.3 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯದು. ಸಿರಿಂಜಿನ ಸೂಜಿಗೆ ಅರ್ಥಿಂಗ್ ಕೊಡಿ, ಗಾಜಿನ ಪಾತ್ರೆಯ ತಳದ ತಾಮ್ರದ ತಟ್ಟೆಗೆ ವೋಲ್ಟೇಜ್ ಕೊಡಿ. ಅದಲು ಬದಲಾದರೆ ಸಿರಿಂಜಿನೊಳಗಿನ ನೀರೇ ಶಾಕ್ ಹೊಡೆಯುತ್ತದೆ.

ಸೂರ್ಯಕಾಂತಿ ಎಣ್ಣೆ ಸಾಕು. ಆದರೆ ನಮ್ಮ ಜುಲೈ ಮಳೆಯಲ್ಲಿ ಎಲ್ಲಕ್ಕೂ ತೇವ ಅಡರುತ್ತದೆ. ಒಮ್ಮೆ ಹನಿ ಅಲುಗಾಡದಿದ್ದರೂ ಮೀಟರಿನ ಮುಳ್ಳು ಏರುತ್ತಲೇ ಇತ್ತು. ವಿದ್ಯುತ್ತು ಗಾಜಿನ ಮೇಲಿನ ತೇವದಲ್ಲೇ ಸೋರಿ ಹೋಗುತ್ತಿತ್ತು. ಅಂದಿನಿಂದ ಎಣ್ಣೆಯನ್ನು ಹಿಂದಿನ ದಿನವೇ ಸಣ್ಣ ಉರಿಯಲ್ಲಿ ಕಾಯಿಸಿ, ಆರಿಸಿ ಮುಚ್ಚಿಡುತ್ತೇನೆ. ಗಾಜನ್ನೂ ಬಿಸಿಗೆ ಹಿಡಿದು ಒಣಗಿಸುತ್ತೇನೆ.

ಮೊಂಡು ತುದಿಯ 26 ಗೇಜ್ ಸೂಜಿಯನ್ನು ಎಣ್ಣೆಯಲ್ಲಿ ಮುಳುಗಿಸಿ, ತಟ್ಟೆಯಿಂದ ಒಂದೂವರೆ ಸೆಂಟಿಮೀಟರ್ ಮೇಲೆ ನಿಲ್ಲಿಸಿ. ಗಂಟೆಗೆ ಒಂದು ಮಿಲಿಲೀಟರಿನಷ್ಟು ನಿಧಾನವಾಗಿ ನೀರು ಬಿಡಿ. ವಿದ್ಯುತ್ತಿಲ್ಲದಿದ್ದರೆ ಹನಿ ಬಟಾಣಿ ಕಾಳಿನಷ್ಟು ಊದಿ, ನಿಮಿಷಗಟ್ಟಲೆ ತೂಗಿ, ಆಮೇಲೆ ಕಳಚಿಕೊಳ್ಳುತ್ತದೆ.

ಈಗ 500 ವೋಲ್ಟಿನಿಂದ ಶುರು ಮಾಡಿ, ನೂರು ನೂರಾಗಿ ಏರಿಸಿ. ಅವಸರ ಬೇಡ, ಕಣ್ಣು ಹನಿಯ ತುದಿಯ ಮೇಲಿರಲಿ. ನೀರು ವಾಹಕ, ಎಣ್ಣೆ ನಿರೋಧಕ. ಹಾಗಾಗಿ ವಿದ್ಯುದಾವೇಶವೆಲ್ಲ (ಚಾರ್ಜ್) ಹನಿಯ ಮೈಮೇಲೆ ನೆರೆದು ಅದನ್ನು ತಟ್ಟೆಯತ್ತ ಸೆಳೆಯುತ್ತದೆ. ದುಂಡಗಿದ್ದ ಹನಿ ನೀಳವಾಗುತ್ತದೆ, ಬೇಗ ಬೇಗ ಕಳಚುತ್ತದೆ, ಗಾತ್ರ ಕುಗ್ಗುತ್ತದೆ. ನನ್ನ ಜೋಡಣೆಯಲ್ಲಿ 2,000 ವೋಲ್ಟಿನ ಆಸುಪಾಸಿನಲ್ಲಿ ತುದಿ ಥಟ್ಟನೆ ಶಂಕುವಾಗಿ, ಅದರ ಮೊನೆಯಿಂದ ಕೂದಲೆಳೆಯಂಥ ನೀರು ಚಿಮ್ಮಿ ಮಂಜಾಗಿ ಒಡೆಯುತ್ತದೆ. ಈ ಶಂಕುವಿನ ಅರ್ಧಕೋನ 49.3 ಡಿಗ್ರಿ ಎಂದು 1964ರಲ್ಲಿ ಲೆಕ್ಕ ಹಾಕಿದವರು ಬ್ರಿಟಿಷ್ ಭೌತವಿಜ್ಞಾನಿ ಜೆಫ್ರಿ ಟೇಲರ್.

ಪಕ್ಕದಿಂದ ಟಾರ್ಚ್ ಬಿಟ್ಟು ಮಸೂರದಲ್ಲಿ ನೋಡಿ. ತಟ್ಟೆ ಮುಟ್ಟಿದ ಕೆಲವು ಹನಿಗಳು ಅದರ ಆವೇಶವನ್ನೇ ಪಡೆದು ಮತ್ತೆ ಮೇಲಕ್ಕೆ ಪುಟಿಯುತ್ತವೆ! ಹನಿಗಳು ಸಾಲುಗಟ್ಟಿ ಸೂಜಿಗೂ ತಟ್ಟೆಗೂ ಸೇತುವೆ ಕಟ್ಟತೊಡಗಿದರೆ ಕೂಡಲೇ ವೋಲ್ಟೇಜ್ ಇಳಿಸಿ. ಹನಿಗಳು ಒಂದರೊಳಗೊಂದು ಸೇರದಂತೆ ಉಳಿಯಬೇಕಾದರೆ ಎಣ್ಣೆಗೆ ಮೊದಲೇ ನೂರಕ್ಕೆ ಎರಡು ಪಾಲು ಸ್ಪಾನ್ 80 ಬೆರೆಸಿ; ಇದು ಎಣ್ಣೆ-ನೀರಿನ ನಡುವಿನ ಮೇಲ್ಮೈ ಎಳೆತವನ್ನು ತಗ್ಗಿಸುವ ರಾಸಾಯನಿಕ. ಆಗ ಇನ್ನೂ ಕಡಿಮೆ ವೋಲ್ಟೇಜಿಗೇ ಶಂಕು ಮೂಡುತ್ತದೆ.

ಸ್ವಿಚ್ ಆರಿಸಿದ ಮೇಲೂ ಅರ್ಥಿಂಗ್ ತಂತಿ ಕಟ್ಟಿದ ಪ್ಲಾಸ್ಟಿಕ್ ಹಿಡಿಯ ಸಲಾಕೆಯನ್ನು ತಟ್ಟೆಯ ತಂತಿಗೆ ಮುಟ್ಟಿಸಿ, ಆಮೇಲಷ್ಟೇ ಕೈ ಹಾಕಿ.