ಪತ್ರ ಬರೆಯುವವನ ಬಾಯಲ್ಲಿ ಒಂದು ಪಾಲಿನ ಕತೆ

ಅಣ್ಣತಮ್ಮಂದಿರು ಪಾಲಾಗುವ ಕತೆಯನ್ನು ಆಸ್ತಿ ಪತ್ರ ಬರೆದುಕೊಡುವವನ ಬಾಯಲ್ಲಿ ಹೇಳಿಸ್ತೀನಿ ಅಂದಾಗ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಮನೆಯವರ ಸಂಕಟ ಹೊರಗಿನವನಿಗೆ ಏನು ಗೊತ್ತು ಅಂದರು. ಅದೇ ಕತೆ ಕಳೆದ ದೀಪಾವಳಿಗೆ ಒಂದು ವಿಶೇಷಾಂಕದಲ್ಲಿ ಬಂತು.

ಮೂರು ಎಕರೆ ಚಿಲ್ಲರೆ ಜಮೀನು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಯಾರ ಮನೆಯಲ್ಲಿರಬೇಕು ಅನ್ನುವುದು ತೀರ್ಮಾನವಾಗಿಲ್ಲ. ಕತೆ ಇಷ್ಟೇ.

ಮೊದಲು ಕಿರಿಯ ಮಗನ 'ನಾನು' ಹಿಡಿದೆ. ಅವನು ಪ್ರತಿ ಪ್ಯಾರಾದಲ್ಲೂ ತನ್ನ ಪರ ವಕಾಲತ್ತು ಮಾಡುತ್ತಿದ್ದ. ಆಮೇಲೆ ಎಲ್ಲರ ಮನಸ್ಸಿನೊಳಗೂ ಹೊಕ್ಕು ಬರುವ 'ಅವನು, ಅವಳು'. ಎಲ್ಲರದ್ದೂ ಗೊತ್ತಾಗಿ ಯಾರ ಮೇಲೂ ಕುತೂಹಲ ಉಳಿಯಲಿಲ್ಲ. ತಾಯಿಯ ದನಿಯಲ್ಲಿ ಬರೆದಾಗ ಅಳು ಬಂತು, ಆದರೆ ನನಗೆ ಮಾತ್ರ. ನಾನು ಪೆನ್ನಿನಲ್ಲಿ ಬರೆಯುವವನು. ಪ್ರತಿ ಸಲವೂ ಡಿಟಿಪಿ ಅಂಗಡಿಗೆ ಪುಟಕ್ಕೆ 25-30 ರೂಪಾಯಿ. ಕೊರಿಯರ್ ಸೇರಿ 4 ಸಾವಿರದ ಹತ್ತಿರ ಹೋಗಿರಬೇಕು. ಕಳಿಸಿದ ಕಡೆಯಿಂದ ಉತ್ತರವೇ ಇಲ್ಲ. ಅದು ನಿಮಗೂ ಗೊತ್ತಿರುವ ಮೌನ, ಅಲ್ವಾ?

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಚಹಾ ಕುಡಿಯುತ್ತಾ ಅಲ್ಲಿ ಪತ್ರ ಬರೆಯುವವರ ಮಾತು ಕೇಳಿದ ಮೇಲೆ ದಾರಿ ಕಂಡಿತು. ಅವರು ಯಾವ ಜಗಳವನ್ನು ಹೇಳಿದರೂ ಚೆಕ್ಕುಬಂದಿಯಿಂದಲೇ, ಅಂದರೆ ಜಮೀನಿನ ನಾಲ್ಕೂ ಕಡೆಯ ಗಡಿಯಿಂದಲೇ ಶುರು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಎಷ್ಟು ಗುಂಟೆ. ಮನುಷ್ಯರು ಬರುವುದು ಕೊನೆಗೆ. ನಾನೂ ಅದೇ ಕ್ರಮ ಹಿಡಿದೆ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು. ಹಾಗಾಗಿ ಅವಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುತ್ತಾರೆ. 'ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ' ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ನನ್ನ ನಿರೂಪಕ ಆ ಸಾಲು ಬರೆಯುವಾಗ ಎದುರಿಗೆ ಅಣ್ಣ ತಂಗಿಯ ಪರ್ಸನ್ನು ತಾನೇ ಹಿಡಿದುಕೊಂಡು ನಿಂತಿದ್ದಾನೆ. ನಿರೂಪಕ ಅಷ್ಟು ಮಾತ್ರ ಹೇಳಿ ಫೀಸಿನ ವಿಷಯಕ್ಕೆ ಹೋಗುತ್ತಾನೆ. ತಾಯಿಯ ದನಿಯಲ್ಲಿ ಎರಡು ಪುಟ ಅತ್ತರೂ ಬರದ್ದು ಇಲ್ಲಿ ಬಂತು.

ಯಾರಿಗೆ ಹೇಳುತ್ತಾನೆ ಅನ್ನುವುದನ್ನೂ ಗಟ್ಟಿ ಮಾಡಿಕೊಂಡೆ. ಹೊಸದಾಗಿ ಸೇರಿದ ಟೈಪಿಸ್ಟ್ ಹುಡುಗನಿಗೆ. ಹುಡುಗನೆದುರು ಸ್ವಲ್ಪ ಜಂಬ ಕೊಚ್ಚುತ್ತಾನೆ, ಗದರುತ್ತಾನೆ, ಚಹಾಕ್ಕೆ ಕಳಿಸುತ್ತಾನೆ. ದನಿಗೆ ಬಿಸಿ ಬಂದದ್ದು ಅಲ್ಲಿಂದ. ಇಡೀ ಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಾಲಿಗೆ ತೊಡರಿದ ಕಡೆಯೆಲ್ಲ ಕಡಿದೆ. ನಿರೂಪಕನ ಮೇಜಿನಿಂದ ಕಾಣದ್ದನ್ನು ಅವನು ಹೇಳಬಾರದು. 'ಅವಳಿಗೆ ಬೇಸರವಾಯಿತು' ಥರದ ವಾಕ್ಯಗಳೆಲ್ಲ ಹೋದವು. 3,500 ಪದಗಳ ಕತೆ 2,200ಕ್ಕೋ ಏನೋ ಇಳಿಯಿತು.

ಮಧ್ಯೆ ಸುಮ್ನೆ ಇನ್ನೆರಡು ಪ್ರಯೋಗ ಮಾಡಿದೆ. ಪೂರ್ತಿ ಹಾವೇರಿ ಕಡೆಯ ಮಾತಿನಲ್ಲಿ ಬರೆದೆ. ಮೈಸೂರಿನ ಗೆಳೆಯರೊಬ್ಬರು ಎರಡನೇ ಪುಟಕ್ಕೇ ಎಡವಿದರು. ಮಾತುಕತೆಗೆ ಮಾತ್ರ ಅದನ್ನು ಉಳಿಸಿಕೊಂಡೆ. ಇನ್ನೊಂದು ಸಲ ಕತೆಯನ್ನೇ ಪಾಲು ಪತ್ರದ ನಮೂನೆಯಲ್ಲಿ, ಆಸ್ತಿ ಪಟ್ಟಿ ಮಾಡುವ ಹಾಗೆ 'ಎ' ಷೆಡ್ಯೂಲು, 'ಬಿ' ಷೆಡ್ಯೂಲು ಅಂತ ಬರೆದೆ. ಓದಲು ಮಜಾ ಇತ್ತು, ಆದರೆ ಜಾಣತನ ಜಾಸ್ತಿ ಕಾಣುತ್ತಿತ್ತು. ಅರ್ಧ ಪುಟ ಮಾತ್ರ ಕತೆಯ ನಡುವೆ ಸೇರಿಸಿದೆ. ಸಂಪಾದಕರು ಫೋನ್ ಮಾಡಿ ಹೊಗಳಿದ್ದು ಆ ಅರ್ಧ ಪುಟವನ್ನೇ!

ಕತೆಯಲ್ಲಿ ಒಂದು ಕಡೆ ನಿರೂಪಕ ಸುಳ್ಳು ಹೇಳುತ್ತಾನೆ. ಅದು ಸುಳ್ಳು ಅಂತ ಓದುಗರಿಗೆ ತಿಳಿಯುವಂತೆ ಮಾಡಿದ್ದು ಹೇಗೆ ಅಂತ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮುಂದಿನ ಕತೆಗೂ ಅದು ಬೇಕು.

ಗೌರವಧನ 2 ಸಾವಿರದಷ್ಟು ಬಂತು. ಖರ್ಚೂ ಹುಟ್ಟಲಿಲ್ಲ ಅನ್ನಿ. ಈಗ ಕರಡುಗಳನ್ನು ಫೋನಿನಲ್ಲಿ ನಾನೇ ಟೈಪ್ ಮಾಡಿಕೊಳ್ಳುತ್ತೇನೆ. ಡಿಟಿಪಿಗೆ ಹೋಗುವುದು ಕೊನೆಯ ಪ್ರತಿ ಮಾತ್ರ.