ಪಕ್ಕದ ಮನೆಯ ಸಾಹಿತಿಯ ಬಗ್ಗೆ ಬರೆಯುವುದು ಹೇಗೆ

ಗವಿಪುರದಲ್ಲಿ ಮಾಸ್ತಿಯವರ ಮಗ್ಗುಲ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ನಿಮಗೂ ಅಂಥ ನೆರೆ ಇದ್ದಿದ್ದರೆ ಹೀಗೆ ಮಾಡಿ.

ಮೊದಲು ಬೀದಿಯ ನಕ್ಷೆ ಗೀಚಿ: ಗೇಟು ಎಲ್ಲಿ, ನಲ್ಲಿ ಎಲ್ಲಿ, ನೀವು ಕೂರುತ್ತಿದ್ದ ಕಾಂಪೌಂಡ್ ಯಾವುದು. ಅಲ್ಲಿಂದ ಕಂಡಷ್ಟೇ ನಿಮ್ಮ ಬಂಡವಾಳ. ನನಗೆ ಕಂಡದ್ದು ಕೋಟು, ಪೇಟ, ಕೊಡೆ. ಸಂಜೆ ಬಸವನಗುಡಿ ಕ್ಲಬ್ಬಿಗೆ ಇಸ್ಪೀಟಾಡಲು ಹೊರಟ ತಾತ. ಮಳೆ ಬರಲಿ ಬಿಡಲಿ, ಕೊಡೆ ಇರುತ್ತಿತ್ತು. ನಾವು ಗೋಲಿ ಆಡುತ್ತಿದ್ದರೆ ಗೆರೆ ತುಳಿಯದ ಹಾಗೆ ಬಳಸಿಕೊಂಡು ಹೋಗುತ್ತಿದ್ದರು. ಇಂಥದ್ದನ್ನು ಬರೆಯಿರಿ. "ಮುಖದಲ್ಲಿ ತೇಜಸ್ಸಿತ್ತು" ಎಂಬುದನ್ನು ಹೊಡೆದುಹಾಕಿ. ಎಂಟು ವರ್ಷದ ಹುಡುಗನಿಗೆ ತೇಜಸ್ಸು ಎಲ್ಲಿ ಗೊತ್ತಾಗುತ್ತದೆ? ಗೋಲಿ ಗೊತ್ತಾಗುತ್ತದೆ.

ಕಂಡದ್ದು ಬೇರೆ, ಆಮೇಲೆ ಓದಿದ್ದು ಬೇರೆ. ಅವರು ಮೈಸೂರು ಸಂಸ್ಥಾನದ ದೊಡ್ಡ ಹುದ್ದೆ ಬಿಟ್ಟು ಬಂದದ್ದು, 'ಜೀವನ' ಪತ್ರಿಕೆ ನಡೆಸಿದ್ದು ನಾನು ಹುಟ್ಟುವ ಮೊದಲಿನ ಮಾತು. ಅದಕ್ಕೆ ಒಂದು ಸಾಲು ಸಾಕು.

ಇಸವಿ ನೆನಪಾಗದಿದ್ದರೆ ಊರಿಗೇ ಗೊತ್ತಿರುವ ಸಂಗತಿಗೆ ತಗುಲಿಸಿ. ಇದು 1983ರ ಜ್ಞಾನಪೀಠಕ್ಕೆ ಮೊದಲೋ ಆಮೇಲೋ? ಅವರು ತೀರಿಕೊಂಡದ್ದು 1986ರ ಜೂನ್ 6. ಹುಟ್ಟಿದ ತಾರೀಖೂ ಅದೇ, ಹಾಗಾಗಿ ಬೀದಿಯಲ್ಲಿ ಯಾರೂ ಮರೆತಿಲ್ಲ.

ಅಕ್ಕಂದಿರನ್ನು ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಬ್ಬದ ತಟ್ಟೆ ಯಾರ ಮನೆಯಿಂದ ಯಾರ ಮನೆಗೆ ಹೋಯಿತೆಂಬ ಲೆಕ್ಕ ಅವರ ಹತ್ತಿರವೇ ಇರುವುದು. ಆಡಿದ ಮಾತು ಅಕ್ಷರಶಃ ನೆನಪಿಲ್ಲವೆಂದರೆ ಉದ್ಧರಣ ಚಿಹ್ನೆ ಹಾಕಬೇಡಿ. ಆ ಮನೆಯವರ ಕಾಯಿಲೆ, ಜಗಳ ಕಿವಿಗೆ ಬಿದ್ದಿದ್ದರೂ ಅದನ್ನು ಬರಹಕ್ಕೆ ತರಬೇಡಿ.