ಹೆಲಿನೆಟ್ ಇಟ್ಟುಕೊಂಡು ಥೀಸಿಸ್ ರಿವ್ಯೂ ಮುಗಿಸಿದ್ದು: ನನ್ನ ಅನುಭವ

'ಹೆಲಿನೆಟ್‌ನಲ್ಲಿ ಹುಡುಕಿ ರಿವ್ಯೂ ಮುಗಿಸಿದವರನ್ನ ನಾನಂತೂ ನೋಡಿಲ್ಲ' ಅಂದಿದ್ದರು ಸೀನಿಯರ್. ನಾನು ಮುಗಿಸಿದೆ. ಗೈಡ್ ಮೇಡಂ ಸಹಿಯೂ ಬಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಹೆಲಿನೆಟ್ ಅಂದರೆ ನಮ್ಮ ವಿಶ್ವವಿದ್ಯಾಲಯದ ಆನ್‌ಲೈನ್ ಲೈಬ್ರರಿ. ರಿವ್ಯೂ ಅಂದರೆ ಥೀಸಿಸ್ ವಿಷಯದ ಮೇಲೆ ಈಗಾಗಲೇ ಬಂದ ಪೇಪರುಗಳನ್ನು ಓದಿ ಬರೆಯುವ ಭಾಗ.

ನನ್ನ ವಿಷಯ ಗರ್ಭಿಣಿಯರ ರಕ್ತಹೀನತೆ, ಐರನ್ ಮಾತ್ರೆಗೂ ರಕ್ತನಾಳಕ್ಕೆ ಕೊಡುವ ಐವಿ ಐರನ್‌ಗೂ ಹೋಲಿಕೆ. ಮೊದಲ ಎರಡು ತಿಂಗಳು ಸುಮ್ನೆ ಹೋಯಿತು. ಗೂಗಲ್‌ನಲ್ಲಿ ಸಿಕ್ಕ ಪೇಪರುಗಳೆಲ್ಲ 35-40 ಡಾಲರ್ ಕೇಳುತ್ತಿದ್ದವು. ಎರಡನ್ನು ಕೊಂಡೆ, ಹತ್ತಿರ ಹತ್ತಿರ 6,000 ರೂಪಾಯಿ. ಆಮೇಲೆ ನೋಡಿದರೆ ಅದರಲ್ಲಿ ಒಂದು, ಪೂರ್ತಿ ಪೇಪರುಗಳನ್ನು ಇಡುವ ಪಬ್‌ಮೆಡ್ ಸೆಂಟ್ರಲ್ ತಾಣದಲ್ಲಿ ಪುಕ್ಕಟೆ ಇತ್ತು! ರಿವ್ಯೂ ಪೂರ್ತಿ ಮಾಡಿಕೊಡಲು ಒಂದು ಡಿಟಿಪಿ ಅಂಗಡಿಯವರು 15,000 ಹೇಳಿದ್ದರು. ಅದಕ್ಕೆ ಮನಸ್ಸು ಒಪ್ಪಲಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ಹೆಲಿನೆಟ್ ಶುರು ಮಾಡಿದೆ. ಕಾಲೇಜುಗಳು ಅದಕ್ಕೆ ಹಣ ಕಟ್ಟುತ್ತವೆ. ಕಟ್ಟಿದ್ದನ್ನು ಬಳಸಬೇಕು ಅಲ್ವಾ? ಲೈಬ್ರರಿ ಸರ್ ಹತ್ತಿರ ಲಾಗಿನ್ ಕೇಳಲು ಹೋದೆ. 'ಮೊದಲು ನೀನು ಹೇಗೆ ಹುಡುಕ್ತೀಯಾ ತೋರಿಸಮ್ಮ' ಅಂದರು.

ತಪ್ಪು ಅಲ್ಲೇ ಇತ್ತು. ಅನೀಮಿಯಾ (ರಕ್ತಹೀನತೆ) ಪದದ ಬ್ರಿಟಿಷ್ ಸ್ಪೆಲಿಂಗಿಗೆ ಕೋಟ್ ಹಾಕಿ, ವೈದ್ಯಕೀಯ ಪೇಪರುಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ನಲ್ಲಿ ಹುಡುಕುತ್ತಿದ್ದೆ. ಕೋಟ್ ಹಾಕಿದರೆ ಪಬ್‌ಮೆಡ್ ತಾನಾಗಿ ಮೆಶ್ ಪದಕ್ಕೆ (ಪೇಪರಿನ ವಿಷಯ ಗುರುತಿಸಲು ಅಂಟಿಸುವ ಗೊತ್ತುಪಡಿಸಿದ ಪದ) ಜೋಡಿಸುವುದಿಲ್ಲ, ಅಮೆರಿಕನ್ ಸ್ಪೆಲಿಂಗಿನ ಪೇಪರುಗಳು ಆಚೆಗೇ ಉಳಿಯುತ್ತವೆ. ಸರ್ ಮಾನಿಟರ್ ನನ್ನ ಕಡೆ ತಿರುಗಿಸಿ, ಮೆಶ್ ಪದದ ಕೆಳಗಿನ ಕೊಂಬೆಗಳನ್ನು ಪೆನ್ನಿನ ತುದಿಯಲ್ಲಿ ಒಂದೊಂದಾಗಿ ತೋರಿಸಿದರು. ಅನೀಮಿಯಾ, ಅದರಡಿ ಐರನ್ ಡೆಫಿಶಿಯನ್ಸಿ. ಆ ಹದಿನೈದು ನಿಮಿಷ ನನ್ನ ಎರಡು ತಿಂಗಳಿಗಿಂತ ಜಾಸ್ತಿ.

ಮೆಶ್ ಒಂದನ್ನೇ ನಂಬಿದರೂ ಕೆಡುತ್ತದೆ. ನಮ್ಮ ದೇಶದ ಎಷ್ಟೋ ಜರ್ನಲ್‌ಗಳ ಪೇಪರಿಗೆ ಮೆಶ್ ಅಂಟಿರುವುದೇ ಇಲ್ಲ. ಹಾಗಾಗಿ ಟೈಟಲ್, ಅಬ್‌ಸ್ಟ್ರಾಕ್ಟ್‌ನಲ್ಲೂ ಹುಡುಕಿ ಎರಡನ್ನೂ ಸೇರಿಸಿದೆ. ಟ್ರಯಲ್‌ಗಳನ್ನಷ್ಟೇ ಉಳಿಸಿಕೊಂಡ ಮೇಲೆ ಸುಮಾರು ಇನ್ನೂರು ಉಳಿದವು, ಓದಿ ಅರವತ್ತು ಆರಿಸಿದೆ. ಇಪ್ಪತ್ತೈದರಷ್ಟು ಪುಕ್ಕಟೆ ಸಿಕ್ಕವು. ಇನ್ನೊಂದು ಅಷ್ಟೇ ಹೆಲಿನೆಟ್‌ನಲ್ಲಿ ಸಿಕ್ಕವು, ಅದೂ ಹಾಸ್ಟೆಲ್ ರೂಮಿನಿಂದಲೇ, ರಾತ್ರಿ ಡ್ಯೂಟಿ ಮುಗಿಸಿ ಬಂದು. ಅಲ್ಲಿ ಪೇಪರಿನ ಹೆಸರು ಹಾಕಿ ಸೋತಿದ್ದೆ. ಜರ್ನಲ್ ಹೆಸರಿನಿಂದ ಹೋಗಿ ವಾಲ್ಯೂಮ್, ಇಶ್ಯೂ ತೆರೆದರೆ ಸಿಗುತ್ತದೆ. ಉಳಿದ ಹತ್ತಕ್ಕೆ ಬರೆದವರಿಗೇ ಮೇಲ್ ಹಾಕಿದೆ, ಆರು ಜನ ಕಳಿಸಿಕೊಟ್ಟರು. ಆ ಮೇಲ್ ಹೇಗೆ ಬರೆದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ರೆಫರೆನ್ಸ್ ಕೂಡಿಟ್ಟು ಪಟ್ಟಿ ಮಾಡಿಕೊಡುವ ಝೊಟೆರೊ ಸಾಫ್ಟ್‌ವೇರ್ ಕೂಡ ಪ್ರಯತ್ನಿಸಿದೆ. ಪುಕ್ಕಟೆ ಕೊಡುವ 300 ಎಂಬಿ ಬೇಗ ತುಂಬಿತು. ಪಿಡಿಎಫ್‌ಗಳನ್ನು ಲ್ಯಾಪ್‌ಟಾಪ್‌ನಲ್ಲೇ ಇಟ್ಟು, ರೆಫರೆನ್ಸ್ ಮಾತ್ರ ಅಲ್ಲಿ ಬಿಟ್ಟೆ. ಮೊದಲು ಕೈಯಲ್ಲಿ ಟೈಪ್ ಮಾಡಿದ ವ್ಯಾಂಕೋವರ್ ಶೈಲಿಯ ರೆಫರೆನ್ಸ್ ಪಟ್ಟಿಯನ್ನು ಮೇಡಂ ಮೂರು ಸಲ ಕೆಂಪು ಮಾಡಿ ಕಳಿಸಿದ್ದರು. ಈ ಸಲ ಒಂದು ಗೆರೆಯೂ ಬೀಳಲಿಲ್ಲ.

'ಯಾರ ಹತ್ರ ಮಾಡಿಸಿದೆ?' ಅಂತ ಕೇಳಿದರು ಮೇಡಂ. ಲ್ಯಾಪ್‌ಟಾಪ್ ತೆಗೆದು ಸರ್ಚ್ ಹಿಸ್ಟರಿ ತೋರಿಸಿದೆ. ಮಾರನೇ ದಿನ ಇಬ್ಬರು ಜೂನಿಯರ್‌ಗಳನ್ನು ನನ್ನ ಹತ್ತಿರ ಕಳಿಸಿದರು.